ಮೀಟರಿನ ಮುಂದೆ ನಿಂತವರು ಮೊದಲು ಹೇಳಬೇಕು

ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈಗ ಮೊದಲ ದಿನವೇ ಕಂಪ್ಯೂಟರ್ ಮುಂದೆ ಕೂರಿಸಿ ಸಾಫ್ಟ್‌ವೇರ್ ತೋರಿಸುತ್ತಾರೆ. ಬಣ್ಣಬಣ್ಣದ ಗೆರೆಗಳು, ಏರಿಳಿಯುವ ಕಂಬಗಳು, ಕೆಂಪಗೆ ಮಿನುಗುವ ಎಚ್ಚರಿಕೆಗಳು. ನನ್ನ ಕೈಗೆ ಕೊಟ್ಟಿದ್ದರೆ ನಾನು ಮೊದಲು ಯಾವುದಾದರೂ ಮಿಲ್ಲಿನ ಪ್ಯಾನಲ್ ಬೋರ್ಡಿನ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದೆ. ಒಳಗಿನ ಗುಂಯ್ ಎನ್ನುವ ಸದ್ದು, ಬಿಸಿಯಾದ ವೈರಿನ ವಾಸನೆ, ಅಂಗೈ ಅಗಲದ ಮೀಟರು, ಅದರ ಮುಖದ ಮೇಲೆ ಸದಾ ಕದಲುವ ಅಂಕಿ. ಸ್ಕ್ರೀನಿನ ಮೇಲೆ ಕಾಣುವುದೆಲ್ಲ ಇಲ್ಲಿಂದ ಬರುತ್ತದೆ ಕಣ್ರಪ್ಪ, ಇದನ್ನು ಮರೆತವರು ಈ ಕೆಲಸ ಬಿಟ್ಟು ಬೇರೆ ನೋಡಿಕೊಳ್ಳಿ ಎಂದು ಅಲ್ಲೇ ಹೇಳಿಬಿಡುತ್ತಿದ್ದೆ. ನನಗೆ ಮೊದಲಿನಿಂದಲೂ ಬಾಯಿ ಜೋರು. ನಿವೃತ್ತಿಯಾದ ಮೇಲೆ ಕಡಿಮೆಯಾಗುತ್ತದೆ ಎಂದು ಮನೆಯವರು ಕಾದರು, ಆಗಲಿಲ್ಲ.

ನನ್ನ ಹೆಸರು ಸರ್ವಮಂಗಳ. ಚಿತ್ರದುರ್ಗದ ಒಂದು ಸಣ್ಣ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡಿದೆ. ಮಿಲ್ಲು, ಕಾರ್ಖಾನೆ, ಪಂಪ್‌ಹೌಸುಗಳಲ್ಲಿ ಮೀಟರ್ ಕೂರಿಸಿ, ಯಾವ ಯಂತ್ರ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ದೂರದಿಂದಲೇ ನೋಡಿಕೊಳ್ಳುವುದು ಕಂಪನಿಯ ಕಸುಬು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಮ್ಮ ಸೀಮೆ. ನಾನು ಕಚೇರಿಯ ಒಳಗೆ ಸ್ಕ್ರೀನ್ ಮುಂದೆ ಕೂರುವವಳು. ಹೊರಗೆ ಹೋಗಿ ಮೀಟರ್ ಕೂರಿಸುವವನು ತಿಪ್ಪೇಸ್ವಾಮಿ, ಆದಿವಾಲದವನು. ನಾನು ಏನು ಕಲಿತೆ ಎಂದು ಬರೆಯಲು ಕೂತರೆ ಅರ್ಧಕ್ಕರ್ಧ ಆತನ ಕಥೆಯೇ ಆಗುತ್ತದೆ. ಬಡ್ತಿ, ಸನ್ಮಾನ, ಗೋಡೆಗೆ ನೇತುಹಾಕುವ ಫಲಕಗಳ ವಿಷಯ ಬಿಟ್ಟುಬಿಡುತ್ತೇನೆ. ಅವು ಯಾರಿಗೂ ಏನೂ ಕಲಿಸುವುದಿಲ್ಲ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಒಂದು ಮೀಟರು ಒಂದೇ ಸಮಯಕ್ಕೆ ಹತ್ತಾರು ಸಂಗತಿ ಅಳೆಯುತ್ತದೆ: ವೋಲ್ಟೇಜು, ಕರೆಂಟು, ಲೋಡು, ಯೂನಿಟ್ಟು. ಪ್ರತಿಯೊಂದಕ್ಕೂ ಮೀಟರಿನೊಳಗೆ ಒಂದೊಂದು ಮನೆ, ಆ ಮನೆಗೆ ಒಂದು ನಂಬರು. ಮೀಟರಿಗೂ ಒಂದು ನಂಬರು. ಇಂಥ ಮೀಟರಿನ ಇಂಥ ಮನೆಯಲ್ಲಿರುವ ಅಂಕಿ ಎಂದರೆ ಇಂಥ ಊರಿನ, ಇಂಥ ಯಂತ್ರದ, ಇಂಥ ಅಳತೆ ಎಂದು ಸಾಫ್ಟ್‌ವೇರಿಗೆ ಹೇಳಿಕೊಡುವುದು ನನ್ನ ಕೆಲಸ. ಇದನ್ನು ರೆಫರೆನ್ಸ್ ಕೊಡುವುದು ಎನ್ನುತ್ತಿದ್ದೆವು. ಒಮ್ಮೆ ಕೊಟ್ಟ ಮೇಲೆ ಗೆರೆ ಎಳೆಯುವುದು, ಎಚ್ಚರಿಕೆ ಕಳಿಸುವುದು, ತಿಂಗಳ ಲೆಕ್ಕ ತೆಗೆಯುವುದು ಎಲ್ಲವೂ ಆ ಹೆಸರನ್ನೇ ನಂಬಿ ನಡೆಯುತ್ತವೆ. ಯಾರೂ ಮತ್ತೆ ಹಿಂದಿರುಗಿ ಮೀಟರಿನ ಮುಖ ನೋಡುವುದಿಲ್ಲ. ಮೊದಲ ಹೆಜ್ಜೆ ತಪ್ಪಿದರೆ ಉಳಿದದ್ದೆಲ್ಲ ಬಹಳ ಅಚ್ಚುಕಟ್ಟಾಗಿ ತಪ್ಪುತ್ತದೆ.

ನಮ್ಮ ಸಾಹೇಬರು ಪರಮೇಶ್ವರಪ್ಪ. ಬಿಗಿ ಮನುಷ್ಯ, ಮೋಸ ತಿಳಿಯದವರು, ಆದರೆ ಆತುರ ಜಾಸ್ತಿ. ಗಿರಾಕಿ ಮುಂಗಡ ಒಪ್ಪಿಕೊಂಡ ದಿನವೇ ಸಾಫ್ಟ್‌ವೇರಿನಲ್ಲಿ ಎಲ್ಲ ಯಂತ್ರಗಳ ಹೆಸರೂ ಸಿದ್ಧವಾಗಿರಬೇಕು ಎನ್ನುತ್ತಿದ್ದರು. ಮೀಟರು ಇನ್ನೂ ಲಾರಿಯಲ್ಲೇ ಇರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುವ ಹಾಗೆ. ಹೆಸರು ಚಿಕ್ಕದಾಗಿರಲಿ ಎಂದು ಅವರು, ಊರು, ಕೋಣೆ, ಯಂತ್ರ, ಅಳತೆ ಎಲ್ಲವೂ ಹೆಸರಿನಲ್ಲೇ ಇರಲಿ ಎಂದು ನಾನು. ಈ ಜಗಳ ನಾನು ಕೆಲಸ ಬಿಡುವ ತನಕ ನಡೆಯಿತು. ಗೆದ್ದವಳು ನಾನೇ, ಏಕೆಂದರೆ ಬರೆಯುವ ಕೈ ನನ್ನದಾಗಿತ್ತು.

ಆ ಆತುರಕ್ಕೆ ಪೆಟ್ಟು ಬಿದ್ದದ್ದು ದುರ್ಗದ ಒಂದು ಹತ್ತಿ ಮಿಲ್ಲಿನಲ್ಲಿ. ಕರೆಂಟ್ ಅಳೆಯಲು ವೈರಿನ ಸುತ್ತ ಒಂದು ಬಳೆ ತೊಡಿಸುತ್ತಾರೆ, ಅದಕ್ಕೆ ಸಿ.ಟಿ. ಎಂದು ಹೆಸರು. ಆ ಬಳೆಗೆ ಹಿಂದು ಮುಂದು ಇದೆ. ಆಗ ಮೀಟರ್ ಕೂರಿಸುವ ಕೆಲಸವನ್ನು ಹೊರಗಿನ ಗುತ್ತಿಗೆದಾರರು ಮಾಡುತ್ತಿದ್ದರು, ಅವರು ಬಳೆಗಳನ್ನು ಹಿಂದುಮುಂದಾಗಿ ತೊಡಿಸಿ ಹೋಗಿದ್ದರು. ಮೀಟರಿನ ಮುಖದ ಮೇಲೆ ಮೈನಸ್ ಗುರುತು ಇತ್ತು, ಓದಿದವರಿಲ್ಲ. ನಮ್ಮ ಸಾಫ್ಟ್‌ವೇರ್ ಮೈನಸ್ ಕಂಡ ಕೂಡಲೇ ಈ ಗಿರಾಕಿ ಕರೆಂಟನ್ನು ಹೊರಗೆ ಕಳಿಸುತ್ತಿದ್ದಾನೆ ಎಂದು ತಿಳಿದು ಹಸಿರು ಬಣ್ಣದಲ್ಲಿ ಚೆಂದದ ಗೆರೆ ಎಳೆಯಿತು. ಮಿಲ್ಲಿನ ಸಾಹುಕಾರರು ಫೋನ್ ಮಾಡಿದರು.

“ಏನ್ ಮೇಡಂ, ನಮ್ ಮಿಲ್ಲು ಕರೆಂಟ್ ಹುಟ್ಟಿಸ್ತೈತಂತಲ್ಲ? ನಂಗೆ ಗೊತ್ತೇ ಇರ್ಲಿಲ್ಲ ನೋಡ್ರಿ.”

ಸಾಹೇಬರು ಅದನ್ನು ಕೇಳಿ, ಮಿಲ್ಲಿನ ಚಾವಣಿಯ ಮೇಲೆ ಸೋಲಾರ್ ಹಾಕಿಸಿದ್ದಾರಾ ವಿಚಾರಿಸಮ್ಮ ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಆಗಷ್ಟೇ ನಮ್ಮಲ್ಲಿಗೆ ಸೇರಿದ್ದ ತಿಪ್ಪೇಸ್ವಾಮಿಯನ್ನು ಕಳಿಸಿದೆವು. ಆತ ಮಿಲ್ಲು ನಿಲ್ಲಿಸಿ, ಬಳೆ ಸರಿಮಾಡಿ, ಮತ್ತೆ ಚಾಲು ಮಾಡಿಸಿ ಫೋನ್ ಮಾಡಿದ.

“ಮೇಡಂ, ಮದ್ಮಗಳಿಗೆ ಬಳೆ ತಿರುಗ್ಸಿ ತೊಡ್ಸಿದ್ರು. ಈಗ ಸರಿ ಮಾಡೀನಿ. ಮೀಟ್ರಾಗೆ ಏನೈತೆ ನಾನು ಹೇಳ್ತೀನಿ, ನಿಮ್ಮಾಗೆ ಅದೇ ಐತಾ ನೋಡ್ಕಳ್ರಿ.”

ಆತ ಓದುತ್ತಾ ಹೋದ, ನಾನು ಸ್ಕ್ರೀನ್ ನೋಡುತ್ತಾ “ಐತೆ, ಐತೆ” ಎನ್ನುತ್ತಾ ಹೋದೆ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಸಾಹೇಬರಿಗೆ ಅದು ಹಿಡಿಸಿತು. ಅಂದಿನಿಂದ ಅದೇ ನಮ್ಮ ಕಾಯಿದೆಯಾಯಿತು: ಮೀಟರಿನ ಮುಂದೆ ನಿಂತವರು ಮೊದಲು ಹೇಳಬೇಕು, ಸ್ಕ್ರೀನಿನ ಮುಂದೆ ಕೂತವರು ಆಮೇಲೆ. ಹಿಂದುಮುಂದಾಗಬಾರದು. ಸ್ಕ್ರೀನಿನವರು ಮೊದಲು ಹೇಳಿಬಿಟ್ಟರೆ ಮೀಟರಿನ ಮುಂದೆ ನಿಂತವರ ಕಣ್ಣು ಕಿವಿಯ ಮಾತು ಕೇಳುತ್ತದೆ. ಇದನ್ನು ನಾವು ತಾಳೆ ನೋಡುವುದು ಎನ್ನುತ್ತಿದ್ದೆವು. ಮುಗಿದ ಮೇಲೆ ತಾಳೆಯ ಪುಸ್ತಕಕ್ಕೆ ಇಬ್ಬರೂ ಸಹಿ ಹಾಕುತ್ತಿದ್ದೆವು.

ಆಮೇಲಿನ ವರ್ಷಗಳಲ್ಲಿ ಊರೂರಿನ ತಾಳೆ ಹೀಗೆಯೇ ನಡೆಯಿತು. ಮಾಡದಕೆರೆ ಕಡೆಯ ಹಾಲು ತಂಪು ಮಾಡುವ ಘಟಕ, ಹಿರಿಯೂರಿನ ಶೇಂಗಾ ಎಣ್ಣೆ ಮಿಲ್ಲು, ಹೊಳಲ್ಕೆರೆಯ ಅಕ್ಕಿ ಮಿಲ್ಲು. ನಾನು ಅವುಗಳಲ್ಲಿ ಎಷ್ಟೋ ಜಾಗಗಳನ್ನು ಕಣ್ಣಿಂದ ನೋಡಿದವಳಲ್ಲ. ತಿಪ್ಪೇಸ್ವಾಮಿಯ ಫೋನಿನ ಹಿಂದೆ ಕೇಳುವ ಸದ್ದಿನಿಂದ ನನಗೆ ಗೊತ್ತಾಗುತ್ತಿತ್ತು. ಕರೆಂಟ್ ತರುವ ಮೂರು ವೈರುಗಳಿಗೆ ಆರ್, ವೈ, ಬಿ ಫೇಸು ಎಂದು ಹೆಸರು, ಒಂದೊಂದರ ವೋಲ್ಟೇಜಿನ ಮಧ್ಯೆ ಆತ ಸುದ್ದಿ ಸೇರಿಸಿ ಓದುತ್ತಿದ್ದ.

“ಆರ್ ಫೇಸು ಇನ್ನೂರ ಮೂವತ್ತು.”

“ಐತೆ.”

“ಹೊಸದುರ್ಗದಾಗೆ ಮಳೆ ಬಂತು. ವೈ ಫೇಸು ಇನ್ನೂರ ಇಪ್ಪತ್ತೊಂಬತ್ತು.”

“ಐತೆ. ಇಲ್ಲಿ ಒಂದು ಹನೀನೂ ಇಲ್ಲ.”

“ಬರ್ತೈತೆ, ಮೋಡ ಆ ಕಡೇಗೇ ಹೊಂಟೈತೆ. ಬಿ ಫೇಸು ಇನ್ನೂರ ಮೂವತ್ತೆರಡು.”

ನನ್ನ ಮಗಳ ಮದುವೆ ಗೊತ್ತಾದ ಸುದ್ದಿ ಆತನಿಗೆ ಹೇಳಿದ್ದು ಹೀಗೆ ವೋಲ್ಟೇಜಿಗೂ ಕರೆಂಟಿಗೂ ನಡುವೆ. ಆತನ ತಾಯಿ ತೀರಿಕೊಂಡ ಸುದ್ದಿ ನನಗೆ ಬಂದದ್ದೂ ಹಾಗೇ. ವಿಚಿತ್ರವೆಂದರೆ ಆತ ಮೀಟರ್ ತೆಗೆದುಕೊಂಡು ಹೋಗಲು ಕಚೇರಿಗೆ ಬಂದಾಗ ನಮಗೆ ಮಾತೇ ಇರುತ್ತಿರಲಿಲ್ಲ. “ಕುಂತ್ಕಳ್ರಿ” ಎಂದು ನಾನು, “ಪರ್ವಾಗಿಲ್ಲ ಮೇಡಂ” ಎಂದು ಆತ. ಚಹಾ ಕುಡಿದು ಎದ್ದು ಹೋಗುತ್ತಿದ್ದ. ಮರುದಿನ ಫೋನಿನಲ್ಲಿ ಮತ್ತೆ ಊರ ಸುದ್ದಿಯೆಲ್ಲ ಬರುತ್ತಿತ್ತು. ಗಂಡ, ಮಕ್ಕಳು, ಅಕ್ಕತಂಗಿಯರು ಎಲ್ಲರೂ ಇರುವವಳು ನಾನು. ಆದರೂ ದಿನಕ್ಕೊಮ್ಮೆ ನಾನು ಕೇಳಿಸಿಕೊಂಡಿದ್ದೇನೆ ಎಂದು ಒಬ್ಬರಿಗೆ ಗಟ್ಟಿಯಾಗಿ ಹೇಳುವ ಸುಖ ಮತ್ತೆಲ್ಲೂ ಸಿಗಲಿಲ್ಲ.

ನಮ್ಮಿಬ್ಬರ ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ ತಿಪ್ಪೇಸ್ವಾಮಿ ಹೊಸದೊಂದು ಮಾತು ಶುರು ಮಾಡಿದ.

“ಮೇಡಂ, ಇಲ್ಲಿ ಸದ್ದು ಜಾಸ್ತಿ ಐತೆ. ಈ ಸಲ ನೀವೇ ಮೊದ್ಲು ಹೇಳ್ರಿ.”

ಒಂದು ಸಲ ಹೇಳಿದೆ. ಆತ “ಐತೆ” ಎಂದ. ಇನ್ನೊಂದು ಸಲ ಮೊಬೈಲಿನ ಸಿಗ್ನಲ್ ಸರಿ ಇಲ್ಲ ಎಂದ. ಮತ್ತೊಂದು ಸಲ ಪ್ಯಾನಲ್ ರೂಮಿನಲ್ಲಿ ಸೆಖೆ, ಬೇಗ ಮುಗಿಸೋಣ ಎಂದ. ಹೀಗೆ ನಾನು ಹೇಳುವುದು, ಆತ “ಐತೆ” ಎನ್ನುವುದು ರೂಢಿಯಾಯಿತು. ಸುದ್ದಿಗಳೂ ಕಡಿಮೆಯಾದವು. ವಯಸ್ಸಾಯಿತು, ಬೇಸರ ಬಂದಿರಬೇಕು ಎಂದುಕೊಂಡೆ. ನಂಬಿದವರ ಮಾತನ್ನು ಯಾರು ತೂಗಿ ನೋಡುತ್ತಾರೆ?

ಹೊಳಲ್ಕೆರೆ ಸೀಮೆಯಲ್ಲಿ, ತಾಳ್ಯ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಕುಡಿಯುವ ನೀರಿನ ಪಂಪ್‌ಹೌಸ್ ನಮ್ಮ ಕೈಯಲ್ಲಿತ್ತು. ಎರಡು ಬೋರು, ಎರಡು ಮೀಟರು. ಬೋರಿನಲ್ಲಿ ನೀರು ಇಳಿದರೆ ಮೋಟಾರು ಎಳೆಯುವ ಕರೆಂಟು ಕಡಿಮೆಯಾಗುತ್ತದೆ. ಆಗ ಊರಿನ ನೀರಗಂಟಿ ಓಬಣ್ಣನ ಮೊಬೈಲಿಗೆ ಸಂದೇಶ ಹೋಗಬೇಕು, ಆತ ಆ ಮೋಟಾರನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಮೋಟಾರು ಒಣಗಿ ಓಡಿ ಸುಟ್ಟುಹೋಗುತ್ತದೆ. ಮೀಟರುಗಳಿಗೆ ಕಚೇರಿಯಲ್ಲೇ ನಂಬರು ಕೊಟ್ಟು, ಒಂದು ಎರಡು ಎಂದು ಚೀಟಿ ಅಂಟಿಸಿ ಕಳಿಸಿದ್ದೆವು. ತಿಪ್ಪೇಸ್ವಾಮಿ ಕೂರಿಸಿದ. ತಾಳೆಯೂ ಆಯಿತು. ನಾನು ಹೇಳಿದೆ, ಆತ “ಐತೆ” ಎಂದ.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಸ್ಕ್ರೀನಿನಲ್ಲಿ ಒಂದನೇ ಬೋರಿನ ಕರೆಂಟು ಇಳಿಯಿತು, ಸಂದೇಶ ಹೋಯಿತು. ನಾನೂ ಓಬಣ್ಣನಿಗೆ ಫೋನ್ ಹಚ್ಚಿದೆ.

“ನೋಡ್ದೆ ಮೇಡಂ, ಒಂದನೇದು ಆಫ್ ಮಾಡೀನಿ. ಎರಡನೇದು ಓಡ್ತೈತೆ” ಎಂದ.

ನನ್ನ ಸ್ಕ್ರೀನಿನಲ್ಲಿ ಸೊನ್ನೆಯಾದದ್ದು ಎರಡನೆಯದು. ಒಂದನೆಯದರ ಇಳಿದ ಗೆರೆ ಇಳಿದಂತೆಯೇ ಓಡುತ್ತಿತ್ತು. “ಓಬಣ್ಣ, ಎರಡನೇದೂ ನಿಲ್ಸಪ್ಪ, ಓಡು!” ಎಂದು ಕೂಗಿದೆ. ಆತ ಊರೊಳಗೆ ಬಂದಿದ್ದನಂತೆ, ವಾಪಸ್ ಓಡಿದ. ಹೋಗಿ ಮುಟ್ಟುವ ಹೊತ್ತಿಗೆ ಮೋಟಾರು ಸುಟ್ಟಿತ್ತು. ನೀರಿದ್ದ ಬೋರನ್ನು ನಿಲ್ಲಿಸಿ, ನೀರಿಲ್ಲದ್ದನ್ನು ಓಡಿಸಲು ನಾವೇ ಹೇಳಿದ್ದೆವು. ಒಂದರ ಜಾಗದಲ್ಲಿ ಎರಡನೇ ಮೀಟರು ಕೂತಿತ್ತು, ಎರಡರ ಜಾಗದಲ್ಲಿ ಒಂದನೆಯದು.

ಸಾಹೇಬರು ಇಬ್ಬರನ್ನೂ ಬೈದು, ಇಬ್ಬರೂ ಹೋಗಿ ಸರಿಮಾಡಿಕೊಂಡು ಬನ್ನಿ ಎಂದರು. ನಾನು ಬಸ್ಸಿನಲ್ಲಿ ಹೊಳಲ್ಕೆರೆಗೆ ಹೋಗಿ ಇಳಿದರೆ ತಿಪ್ಪೇಸ್ವಾಮಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಯಾವಾಗಲೂ ಬೈಕಿನಲ್ಲಿ ಸುತ್ತುವವನು ಬೈಕು ತಂದಿರಲಿಲ್ಲ. “ರಿಪೇರಿ ಐತೆ, ಆಟೋದಾಗೆ ಹೋಗಾಣ” ಎಂದ. ಪಂಪ್‌ಹೌಸಿನ ಮುಂದೆ ಹೆಂಗಸರು ಕೊಡ ಸಾಲಾಗಿ ಇಟ್ಟು ಟ್ಯಾಂಕರಿಗೆ ಕಾಯುತ್ತಿದ್ದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಬೈಯಲಿಲ್ಲ. ಒಬ್ಬ ಅಜ್ಜಿ ತಿಪ್ಪೇಸ್ವಾಮಿಯನ್ನು ನೋಡಿ, “ಅಯ್ಯೋ, ನಮ್ ಮೀಟ್ರು ಸ್ವಾಮಿ ಬಂದ್ನೇನೇ? ಬಿಸ್ಲಾಗೆ ಬಂದೀಯ, ಕುಂತ್ಕಳಪ್ಪ” ಎಂದು ಮನೆಯಿಂದ ಮಜ್ಜಿಗೆ ತರಿಸಿದಳು. ಕುಡಿಯುವ ನೀರಿಲ್ಲದ ಊರಿನ ಮಜ್ಜಿಗೆ. ಆತ ಲೋಟ ಹಿಡಿದು ಬಹಳ ಹೊತ್ತು ನಿಂತಿದ್ದ.

ಒಳಗೆ ಹೋದೆವು. ನಾನು ಪುಸ್ತಕ ತೆಗೆದು, “ಮೊದ್ಲು ಎಡಗಡೆ ಮೀಟ್ರು ಓದ್ರಿ, ವೋಲ್ಟೇಜ್ ಎಷ್ಟೈತೆ?” ಎಂದೆ. ಆತ ಮುಂದಕ್ಕೆ ಬಾಗಿ, ಮೀಟರಿಗೆ ಅಂಗೈ ಮರೆ ಮಾಡಿ, ಕಣ್ಣು ಕಿರಿದು ಮಾಡಿ ಓದಿದ.

“ಇನ್ನೂರ ಮೂವತ್ತು ಮೇಡಂ.”

ನಾನು ಪುಸ್ತಕದಿಂದ ತಲೆ ಎತ್ತಿ ನೋಡಿದೆ. ಊರಲ್ಲಿ ಕರೆಂಟ್ ಹೋಗಿತ್ತು. ಮೀಟರಿನ ಮುಖ ಕಪ್ಪಗಿತ್ತು. ಅಲ್ಲಿ ಅಂಕಿಯೇ ಇರಲಿಲ್ಲ.

ನಾನು ಪುಸ್ತಕ ಮುಚ್ಚಿದೆ. ಆತನಿಗೆ ಗೊತ್ತಾಯಿತು. ಹೊರಗೆ ಬಂದು ಪಂಪ್‌ಹೌಸಿನ ಹಿಂದಿನ ನೆರಳಿನಲ್ಲಿ ಕೂತೆವು.

“ಸಕ್ರೆ ಕಾಯ್ಲೆ ಮೇಡಂ. ಕಣ್ಣಿನ ಹಿಂದ್ಗಡೆ ರಕ್ತ ಕಟ್ಟೈತಂತೆ. ದಾವಣಗೆರೇಲಿ ತೋರಿಸ್ತಿದೀನಿ. ಮನುಷ್ರು ಕಾಣ್ತಾರೆ, ದಾರಿ ಕಾಣ್ತೈತೆ. ಅಂಕಿ ಒಂದೇ ಕಾಣಲ್ಲ. ಸಾಸ್ವೆ ಚೆಲ್ಲಿದಂಗೆ ಕಾಣ್ತೈತೆ.”

ಸಿಟ್ಟು ಬಂದರೆ ನಾನು ಸ್ಥಳ, ಸಮಯ ನೋಡುವವಳಲ್ಲ. “ಲೈವ್ ಪ್ಯಾನಲ್ ಒಳಗೆ ಕೈ ಹಾಕ್ತೀರಲ್ರಿ! ಹೆಚ್ಚುಕಡಿಮೆ ಆದ್ರೆ ನಿಮ್ಮ ಹೆಂಡ್ತಿಗೆ ನಾನು ಏನಂತ ಹೇಳ್ಲಿ?”

“ಕೈಗೆ ಎಲ್ಲ ಗೊತ್ತೈತೆ ಮೇಡಂ.”

“ಕೈಗೆ ಗೊತ್ತಿದ್ರೆ ಒಂದರ ಜಾಗಕ್ಕೆ ಎರಡು ಹೆಂಗೆ ಬಂತು?”

ಆ ಮಾತು ಆಡಬಾರದಿತ್ತು ಎನಿಸಿತು. ಆತನೇ ಹೇಳಿದ: “ಸಾಹೇಬ್ರಿಗೆ ಗೊತ್ತಾದ್ರೆ ನಾಳೇನೇ ಮನೇಗೆ ಕಳಿಸ್ತಾರೆ. ಅವರ್ದು ತಪ್ಪಲ್ಲ, ಕಾಣ್ದೋನ್ನ ಪ್ಯಾನಲ್ ಹತ್ರ ಯಾರು ಬಿಡ್ತಾರೆ? ಆದ್ರೆ ಮೇಡಂ, ನಾನು ಮನೇಲಿ ಕುಂತು ಏನು ಮಾಡ್ಲಿ? ಈ ನಾಕು ತಾಲೂಕಿನಾಗೆ ಯಾವ ಮಿಲ್ಲಿನ ಬಾಗ್ಲಿಗೆ ಹೋದ್ರೂ ತಿಪ್ಪೇಸ್ವಾಮಿ ಬಂದ ಅಂತಾರೆ. ಅದು ಹೋದ್ರೆ ನಂಗೆ ಹೆಸ್ರೇ ಇಲ್ದಂಗೆ.”

ಕಣ್ಣಿಗೆ ಲೇಸರ್ ಮಾಡುತ್ತಾರೆ, ಅದಾದ ಮೇಲೆ ನೋಡೋಣ ಎಂದ. ನಾನು ಎರಡು ಮಾತು ತೆಗೆದುಕೊಂಡೆ. ಇನ್ನು ಮೇಲೆ ಪ್ಯಾನಲ್ ಒಳಗೆ ಆತ ಕೈ ಹಾಕಕೂಡದು, ಆಯಾ ಜಾಗದ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಬೇಕು. ಆಗ ಕೈಯಲ್ಲಿದ್ದ ಹೊಸದುರ್ಗದ ಕೊಬ್ಬರಿ ಎಣ್ಣೆ ಮಿಲ್ಲಿನ ಕೆಲಸ ಮುಗಿದ ಕೂಡಲೇ ಸಾಹೇಬರಿಗೆ ತಾನೇ ಹೋಗಿ ಹೇಳಬೇಕು. ಎರಡಕ್ಕೂ ಒಪ್ಪಿದ. ಸಾಹೇಬರಿಗೆ ನಾನು ಚೀಟಿ ಅದಲುಬದಲಾಗಿದೆ ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಆ ಪೆಟ್ಟಿನಿಂದ ನಮ್ಮ ಪದ್ಧತಿಗೆ ಒಂದು ಒಳ್ಳೆಯದಾಯಿತು, ಇದನ್ನು ನೀವು ಗಮನಿಸಿ. ಓಬಣ್ಣ ಒಂದನ್ನು ನಿಲ್ಲಿಸಿದಾಗ ನನ್ನ ಸ್ಕ್ರೀನಿನಲ್ಲಿ ಇನ್ನೊಂದು ಬಿದ್ದದ್ದೇ ತಪ್ಪನ್ನು ತೋರಿಸಿದ್ದು. ಹಾಗಾದರೆ ತಾಳೆ ನೋಡುವ ದಿನವೇ ಒಂದೊಂದು ಯಂತ್ರವನ್ನೂ ನಿಲ್ಲಿಸಿ ಚಾಲು ಮಾಡಿ, ಸ್ಕ್ರೀನಿನಲ್ಲಿ ಯಾವ ಹೆಸರು ಏಳುತ್ತದೆ, ಬೀಳುತ್ತದೆ ಎಂದು ಏಕೆ ನೋಡಬಾರದು? ಇದು ತಿಪ್ಪೇಸ್ವಾಮಿಯ ಮಾತು. ಓಡುವ ಮಿಲ್ಲನ್ನು ನಿಲ್ಲಿಸಲು ಯಾವ ಮಾಲೀಕರೂ ಸುಮ್ಮನೆ ಒಪ್ಪುವುದಿಲ್ಲ. ಆತ ಹೋಗಿ ಬಾಗಿಲಲ್ಲಿ ನಿಂತು ಮಾತಾಡಿದರೆ ಒಪ್ಪುತ್ತಿದ್ದರು. ಸಾಹೇಬರಿಗೂ ಇದು ಹಿಡಿಸಿತು. ಆದರೆ ಅವರು ಹಳೆಯ ಕಾಯಿದೆಯನ್ನು ಇನ್ನೂ ಬಿಗಿ ಮಾಡಿದರು. ಯಂತ್ರ ನಿಲ್ಲಿಸಿ ನೋಡಿದ ಮೇಲೂ ಅಂಕಿಯ ತಾಳೆ ಆಗಬೇಕು, ಮೀಟರಿನ ಮುಂದಿನವರೇ ಮೊದಲು ಹೇಳಬೇಕು, ಫೋನ್ ಸ್ಪೀಕರಿನಲ್ಲಿ ಇರಬೇಕು ಎಂದರು, ತಾವೇ ನನ್ನ ಪಕ್ಕ ಕೂತು ಕೇಳುವುದಾಗಿ ಹೇಳಿದರು. ಅಲ್ಲಿಗೆ ತಿಪ್ಪೇಸ್ವಾಮಿಗೆ ಅಡಗುವ ಜಾಗ ಉಳಿಯಲಿಲ್ಲ.

ಹೊಸದುರ್ಗದ ಮಿಲ್ಲಿನ ತಾಳೆಯ ದಿನ ಬಂತು. ಅಷ್ಟರಲ್ಲಿ ಆತನಿಗೆ ಒಮ್ಮೆ ಲೇಸರ್ ಆಗಿತ್ತು. ಹೇಗಿದೆ ಎಂದು ಕೇಳಿದರೆ “ಪರ್ವಾಗಿಲ್ಲ” ಎನ್ನುತ್ತಿದ್ದ. ಬೆಳಿಗ್ಗೆಯಿಂದ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದೆವು. ಕೊಬ್ಬರಿ ಕತ್ತರಿಸುವುದು, ಒಣಗಿಸುವುದು, ಎಣ್ಣೆ ಹಿಂಡುವ ಗಾಣಗಳು, ಸೋಸುವ ಮೋಟಾರು.

“ಎರಡ್ನೇ ಗಾಣ ನಿಲ್ಸಿದೀವಿ ಮೇಡಂ!”

“ಬಿತ್ತು ತಿಪ್ಪೇಸ್ವಾಮಿ, ಎರಡನೇದೇ ಬಿತ್ತು.”

“ಈಗ ಹಾಕ್ತೀವಿ ನೋಡ್ರಿ. ಎದ್ದಿತಾ?”

“ಎದ್ದಿತು!”

ಅಲ್ಲಿನ ಕೆಲಸಗಾರರು ನಗುವುದು ಕೇಳುತ್ತಿತ್ತು. ಬಹಳ ದಿನಗಳ ಮೇಲೆ ಆತ ಮಧ್ಯೆ ಸುದ್ದಿ ಸೇರಿಸಿದ, ಇಲ್ಲಿ ಬಿಸಿ ಕೊಬ್ಬರಿ ವಾಸ್ನೆ ಹಸಿವು ಕೆರಳಿಸ್ತೈತೆ ಎಂದ. ಸಾಹೇಬರೂ ನಕ್ಕರು. ಒಂದು ಹೆಸರೂ ತಪ್ಪಾಗಿರಲಿಲ್ಲ. ನನ್ನ ಇಡೀ ಕೆಲಸದ ಬದುಕಿನಲ್ಲಿ ಅಷ್ಟು ಹಗುರಾದ ಬೆಳಿಗ್ಗೆ ಇನ್ನೊಂದಿಲ್ಲ.

ಆಮೇಲೆ ಅಂಕಿಯ ತಾಳೆ. ತಿಪ್ಪೇಸ್ವಾಮಿ ಹೇಳುವ ಪ್ರತಿ ಅಂಕಿಯ ಹಿಂದೆ ಇನ್ನೊಂದು ಸಣ್ಣ ದನಿ ನನಗೆ ಕೇಳಿಸುತ್ತಿತ್ತು. ಮಿಲ್ಲಿನ ಎಲೆಕ್ಟ್ರಿಷಿಯನ್ ರಫೀಕ್ ಪಕ್ಕದಲ್ಲಿ ನಿಂತು ಮೆಲ್ಲಗೆ ಓದಿಕೊಡುತ್ತಿದ್ದ. ಮೀಟರಿನ ಮುಂದೆ ನಿಂತವರೇ ಓದುತ್ತಿದ್ದಾರಲ್ಲ, ಕಾಯಿದೆ ಮುರಿದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಾಹೇಬರು ಪೆನ್ನು ಹಿಡಿದು ಟಿಕ್ ಹಾಕುತ್ತಾ ಹೋದರು.

ಉಳಿದದ್ದು ಒಂದೇ, ಮಿಲ್ಲಿಗೆಲ್ಲ ಕರೆಂಟ್ ಬರುವ ಮುಖ್ಯ ಮೀಟರು. ಅಷ್ಟರಲ್ಲಿ ಯಾರೋ ಕೂಗಿದರು, ಗಾಣದ ಬೆಲ್ಟು ಜಾರಿತ್ತು. “ಈಗ್ ಬಂದೆ ಅಣ್ಣಾ” ಎಂದು ರಫೀಕ್ ಓಡಿದ ಸದ್ದು ಕೇಳಿತು. ಫೋನಿನಲ್ಲಿ ತಿಪ್ಪೇಸ್ವಾಮಿ ಉಸಿರಾಡುವುದು ಮಾತ್ರ ಉಳಿಯಿತು.

“ಹೇಳಪ್ಪ, ಆರ್ ಫೇಸ್ ಎಷ್ಟು?” ಎಂದರು ಸಾಹೇಬರು.

ಆತ ಮೀಟರಿನ ಮುಖವನ್ನು ಅಂಗೈಯಿಂದ ಒರೆಸುವ ಸದ್ದು ಕೇಳಿತು.

ನನ್ನ ಸ್ಕ್ರೀನಿನಲ್ಲಿ ಅಂಕಿ ಇತ್ತು. ಯಂತ್ರ ನಿಲ್ಲಿಸಿ ನೋಡಿ ಆಗಿದೆ, ಎಲ್ಲ ಸರಿಯಾಗಿದೆ, ಇದೊಂದು ಮಾತು ಆದರೆ ಮುಗಿಯಿತು. ನನ್ನಿಂದ ತಡೆಯಲಾಗಲಿಲ್ಲ. ಬಾಯಿತಪ್ಪಿ ಬಂದಂತೆ, “ಇಲ್ಲಿ ಇನ್ನೂರ ಮೂವತ್ತೊಂದು ಐತೆ” ಎಂದುಬಿಟ್ಟೆ. ಸಾಹೇಬರು ಹುಬ್ಬು ಗಂಟಿಕ್ಕಿ ನನ್ನತ್ತ ತಿರುಗಿದರು. ನಾನು ಅವರ ಕಡೆ ನೋಡಲಿಲ್ಲ. ಐತೆ ಅನ್ನು ಮಾರಾಯ, ಒಂದೇ ಮಾತು, ಐತೆ ಅನ್ನು ಎಂದು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ.

ಅಷ್ಟು ವರ್ಷದಲ್ಲಿ ಮೇಡಂ ಎನ್ನುವುದು ಬಿಟ್ಟು ಬೇರೆ ಕರೆದವನಲ್ಲ ಆತ.

“ಅಕ್ಕಾ” ಎಂದ. “ಇರ್ಬೋದು. ನಂಗೆ ಕಾಣ್ತಿಲ್ಲ.”

ಸಾಹೇಬರು ಪೆನ್ನು ಕೆಳಗಿಟ್ಟರು. “ಎಷ್ಟು ದಿನದಿಂದ ತಿಪ್ಪೇಸ್ವಾಮಿ?” ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲು ಕಷ್ಟವಾಯಿತು.

“ಆ ನೀರಿನ ಪಂಪು ಸುಡೋಕಿಂತ ಮುಂಚಿಂದ ಸಾರ್. ಮೇಡಂದು ಏನೂ ತಪ್ಪಿಲ್ಲ. ಆ ಊರ್ನೋರು ಬೈದಿದ್ರೆ ನಾನು ಇವತ್ತೂ ಐತೆ ಅಂತಿದ್ನೋ ಏನೋ. ಬೈಲಿಲ್ಲ, ಮಜ್ಜಿಗೆ ಕೊಟ್ರು.”

ನಾನು ಏನಾದರೂ ಹೇಳಬೇಕಿತ್ತು. ಬಾಯಿ ಜೋರಿನವಳಿಗೆ ಆವತ್ತು ಬಂದದ್ದು ಕೆಲಸದ ಮಾತು ಮಾತ್ರ. “ಪ್ಯಾನಲ್ ಬಾಗಿಲು ಮುಚ್ಚಿ, ದೂರ ಬಂದು ಕುಂತ್ಕಳ್ರಿ” ಎಂದೆ. “ಮುಚ್ಚಿದೆ” ಎಂದ. ಬಾಗಿಲಿನ ತಗಡು ಕೂರುವ ಸದ್ದು ಕೇಳಿತು. ಕೆಲಸದ ಮೇಲೆ ನಾವಿಬ್ಬರೂ ಆಡಿದ ಕೊನೆಯ ಮಾತು ಅದು.

ಸಾಹೇಬರು ಆತನನ್ನು ಅವಮಾನ ಮಾಡಿ ಕಳಿಸಲಿಲ್ಲ. ಕಚೇರಿಯಲ್ಲೇ ಕೂರು, ಹೊಸಬರಿಗೆ ಹೇಳಿಕೊಡು ಎಂದರು. ಆತ ಒಂದು ವಾರ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತ. ಸ್ಕ್ರೀನಿನ ಅಂಕಿಯೂ ಆತನಿಗೆ ಕಾಣದು. ಎದುರೆದುರು ಕೂತಾಗ ಮೊದಲಿನಂತೆಯೇ ನಮಗೆ ಮಾತು ಬರಲಿಲ್ಲ. ಆಮೇಲೆ ತಾನಾಗಿಯೇ ರಾಜೀನಾಮೆ ಕೊಟ್ಟು ಆದಿವಾಲಕ್ಕೆ ಹೋದ. ಇರುವ ಕಣ್ಣನ್ನು ಡಾಕ್ಟರು ಉಳಿಸಿಕೊಟ್ಟಿದ್ದಾರೆ, ಊರೊಳಗೆ ಒಬ್ಬನೇ ಓಡಾಡುತ್ತಾನಂತೆ. ನಾನು ಒಮ್ಮೆ ಹೋಗಿ ಬಂದೆ. ಹೆಂಡತಿ ರೊಟ್ಟಿ ಮಾಡಿ ಬಡಿಸಿದಳು. ಚೆನ್ನಾಗಿದ್ದಾನೆ. ಚೆನ್ನಾಗಿರುವುದು ಬೇರೆ, ನಾಲ್ಕು ತಾಲೂಕಿನ ಬಾಗಿಲುಗಳಲ್ಲಿ ಹೆಸರು ಹಿಡಿದು ಕರೆಸಿಕೊಳ್ಳುವುದು ಬೇರೆ.

ಅಂದು ಆತ ಐತೆ ಎಂದಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಮೀಟರು ಸರಿಯಾಗಿಯೇ ಇತ್ತು, ಯಾರ ಮೋಟಾರೂ ಸುಡುತ್ತಿರಲಿಲ್ಲ. ಆದರೆ ಕಾಣದ್ದನ್ನು ಕಂಡೆ ಎಂದು ಇನ್ನೊಮ್ಮೆ ಹೇಳಲು ಆತನಿಗೆ ಆಗಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರು ಆತ ಮಾಡಿದ್ದೇ ಸರಿ ಎಂದು ತಿಳಿಯಿರಿ, ಹಾಗೆಯೇ ಮಾಡಿ. ನನ್ನನ್ನು ಕೇಳಿದರೆ ಮಾತ್ರ, ಆತ ಆ ಒಂದು ಸುಳ್ಳು ಹೇಳಿಬಿಡಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಹೊಸ ಬಗೆಯ ಮೀಟರುಗಳು ಬಂದವು. ಅವು ತಾವೇ ತಮ್ಮ ಪರಿಚಯ ಹೇಳಿಕೊಳ್ಳುತ್ತವೆ, ಯಾವ ಮನೆಯಲ್ಲಿ ಯಾವ ಅಳತೆ ಇದೆ ಎಂದು ಪಟ್ಟಿ ಸಮೇತ ಒಪ್ಪಿಸುತ್ತವೆ, ರೆಫರೆನ್ಸ್ ತಾನಾಗಿ ಕೂರುತ್ತದೆ. ಯಾರೂ ಓದಬೇಕಿಲ್ಲ, ಯಾರೂ ಕೇಳಬೇಕಿಲ್ಲ. ನಿವೃತ್ತಿಯಾಗುವ ತನಕ ಅಂಥವನ್ನು ಎಷ್ಟೋ ಕೂರಿಸಿದೆ, ಒಬ್ಬಳೇ, ಸುಮ್ಮನೆ ಕೂತು. ಅವುಗಳಲ್ಲಿ ಒಂದೂ ತಪ್ಪಲಿಲ್ಲ. ತಪ್ಪಿದ್ದರೆ ಯಾರಿಗಾದರೂ ಫೋನ್ ಮಾಡಬಹುದಿತ್ತು.